ಮೊದಲ ಅರ್ಧ ಗಂಟೆಯ ಕೂಗು

ನನ್ನ ತಂಗಿಯ ಮಗನೂ ಅವನ ಧ್ವನಿಮುದ್ರಕನೂ ಸೇರಿ, ಶಿರಾದ ಒಂದು ಕಡಲೆಕಾಯಿ ಗೋದಾಮಿನಲ್ಲಿ, ನನ್ನನ್ನು ತಗಡಿನ ಕೋಣೆಯೊಳಗೆ ಕೂಡಿ ಹೊರಗಿನಿಂದ ಬೀಗ ಹಾಕಿದರು. ನಾನು ಪ್ರಾಣಭಯದಿಂದ ಕೂಗಿಕೊಂಡಾಗ ಬಾಗಿಲು ತೆರೆಯಲಿಲ್ಲ. ಆ ಕೂಗನ್ನು ಚಿತ್ರೀಕರಿಸಿಕೊಂಡು, ಬೇಡವೆಂದು ನಾನು ಹೇಳಿದ ಮೇಲೂ, ನನ್ನ ಊರಿನಲ್ಲೇ ಜನ ಸೇರಿಸಿ ತೋರಿಸಿದರು. ನನಗಾದ ಅನ್ಯಾಯ ಇಷ್ಟು. ಇದನ್ನು ಅಭಿನಯವೆಂದು ಹೊಗಳಿದವರಿಗೂ, ಮನೆಯ ವಿಷಯವೆಂದು ಮುಚ್ಚಿಡಲು ಹೇಳಿದವರಿಗೂ ನಡೆದದ್ದು ನಡೆದ ಕ್ರಮದಲ್ಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಬೇರೆ ಬೇರೆ ಊರುಗಳ ಜೈಲುಗಳಲ್ಲಿ ವಾರ್ಡರ್ ಆಗಿ, ಕೊನೆಗೆ ಹೆಡ್ ವಾರ್ಡರ್ ಆಗಿ ನಿವೃತ್ತನಾಗಿ ಮಧುಗಿರಿಯಲ್ಲಿ ನೆಲೆಸಿದವನು. ನನ್ನ ಸೋದರಳಿಯ ಕೊರಟಗೆರೆಯವನು. ಮದುವೆಗಳ ವಿಡಿಯೋ ತೆಗೆಯುವುದು ಅವನ ಕಸುಬು. ಲಗ್ನದ ದಿನಗಳು ಮುಗಿದು ಕ್ಯಾಮೆರಾ ಬಿಡುವಾದಾಗ ತನ್ನದೇ ಕಿರುಚಿತ್ರ ಮಾಡುವುದು ಅವನ ಹುಚ್ಚು. ಹಿಂದಿನ ಎರಡು ಚಿತ್ರಗಳ ವೇಳೆ ಅವನಿಗೆ ನನ್ನ ನೆನಪಾಗಿರಲಿಲ್ಲ. ಮೂರನೆಯದು ಜೈಲಿನ ಕಥೆಯಾದ್ದರಿಂದ ನೆನಪಾಯಿತು.

ಕಥೆ ಮುಂದೆಂದೋ ಬರುವ ಕಾಲದ್ದು. ಅಲ್ಲಿನ ಜೈಲಿನಲ್ಲಿ ಕಾವಲುಗಾರರೇ ಇಲ್ಲ. ಒಬ್ಬೊಬ್ಬ ಕೈದಿಗೆ ಒಂದೊಂದು ಬಿಳಿಯ ಕೋಣೆ, ಕೋಣೆಗೊಂದು ಯಂತ್ರ. ಒಳಗಿನವನ ದನಿಯನ್ನು ಯಂತ್ರ ಹಗಲಿರುಳೂ ಆಲಿಸುತ್ತದೆ. ಅದರಲ್ಲಿ ನಿಜವಾದ ಪಶ್ಚಾತ್ತಾಪ ಕೇಳಿಸಿದ ಕ್ಷಣ ಬಾಗಿಲು ತಾನಾಗಿ ತೆರೆಯುತ್ತದೆ. ಕೇಳಿಸದಿದ್ದರೆ ತೆರೆಯುವುದೇ ಇಲ್ಲ. ಹೊರಗಿನ ದೃಶ್ಯಗಳನ್ನು ಪಾವಗಡದ ಕಡೆಯ ಸೋಲಾರ್ ಹಲಗೆಗಳ ಸಾಲುಗಳ ನಡುವೆಯೂ ನಿಡುಗಲ್ಲಿನ ಬಂಡೆಗಳ ಬಳಿಯೂ ಆಗಲೇ ತೆಗೆದು ತಂದಿದ್ದ.

ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ ಅವನು ಕೇಳಿದ: "ಮಾವ, ಒಳಗಡೆ ಹೆಂಗಿರ್ತದೆ ಅಂತ ನಿಮ್ಮಷ್ಟು ಗೊತ್ತಿರೋರು ಯಾರವ್ರೆ? ಎಲ್ಲಾ ಹೇಳ್ಬುಡಿ."

ಹೇಳಿದೆ. ಸಂಜೆ ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡುವ ಪದ್ಧತಿಯನ್ನು ಹೇಳಿದೆ. ಹೊಸಬರು ಬಂದ ಮೊದಲ ದಿನದ ನಿಯಮವನ್ನೂ ಹೇಳಿದೆ. ಯಾವ ಪುಸ್ತಕದಲ್ಲೂ ಇಲ್ಲದ, ನನಗಿಂತ ಹಿಂದಿನವರು ಬಾಯಿಂದ ಬಾಯಿಗೆ ಕಲಿಸಿದ ನಿಯಮ ಅದು: ಬೀಗ ಬಿದ್ದ ಮೊದಲ ಅರ್ಧ ಗಂಟೆ ಹೊಸಬ ಕೂಗಿಯೇ ಕೂಗುತ್ತಾನೆ, ಆ ಕೂಗಿಗೆ ಕಿವಿಗೊಡಬಾರದು. ಉದಾಹರಣೆಗೆಂದು ಒಬ್ಬ ವಿಚಾರಣಾಧೀನ ಕೈದಿಯ ಸಂಗತಿ ಹೇಳಿದೆ. ಪಂಪ್‌ಸೆಟ್ ಕದ್ದ ಆರೋಪದ ಮೇಲೆ ಬಂದಿದ್ದ ಬಡಕಲು ಮನುಷ್ಯ. ಬೀಗ ಹಾಕಿದೊಡನೆ ಕಂಬಿ ಹಿಡಿದು, "ಅಣ್ಣಾ, ಉಸ್ರು ಕಟ್ತೈತೆ, ತೆಗಿಯಣ್ಣಾ" ಎಂದು ಕೂಗತೊಡಗಿದ. ನಾನು ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕಾದು ಹೋಗಿ ತೆರೆದೆ. ಬೆವರಿನಲ್ಲಿ ತೊಯ್ದು ಗೋಡೆಗೆ ಆತು ಕೂತಿದ್ದ. ಅಲ್ಲಿಂದ ಬಿಡುಗಡೆಯಾಗುವವರೆಗೆ ಆ ಮನುಷ್ಯ ಒಮ್ಮೆಯೂ ಕೂಗಲಿಲ್ಲ. ಹಲ್ಲು ಕೀವುಗಟ್ಟಿ ಕೆನ್ನೆ ಬಾತಾಗಲೂ ಇಲ್ಲ. ಜೈಲರ್ ಸಾಹೇಬರು ನನ್ನ ಬೆನ್ನು ತಟ್ಟಿ "ಪಾಠ ಕಲ್ತ" ಅಂದಿದ್ದರು. ಇದನ್ನೆಲ್ಲ ನಾನು ಅಳಿಯನಿಗೆ ಹೆಮ್ಮೆಯಿಂದಲೇ ಹೇಳಿದೆ. ಅವನು ಮೊಬೈಲಿನಲ್ಲಿ ಬರೆದುಕೊಂಡ.

ಚಿತ್ರೀಕರಣಕ್ಕೆ ಕರೆದಾಗ ಹಳೆಯ ಖಾಕಿಯನ್ನು ಇಸ್ತ್ರಿ ಮಾಡಿಸಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಗೋದಾಮಿನಲ್ಲಿ ಚೀಲ ಬಿಚ್ಚಿದಾಗ ಅವನು ನಕ್ಕ. "ಅಯ್ಯೋ ಮಾವ, ನನ್ ಜೈಲಲ್ಲಿ ವಾರ್ಡರೇ ಇಲ್ವಲ್ಲ. ನೀವು ಕೈದಿ ಕಣ್ ಮಾವ." ಫೋನಿನಲ್ಲಿ ಹೇಳಿದ್ದು "ಜೈಲಿನ ಪಾತ್ರ" ಎಂದು ಮಾತ್ರ. ಒಂದು ಬಿಳಿಯ ಪೈಜಾಮ, ಬಿಳಿಯ ಅಂಗಿ ಕೊಟ್ಟ. ಅಂಗಿಗೆ ಗುಂಡಿಗಳಿರಲಿಲ್ಲ. ಇದ್ದ ಒಂದೇ ಕುರ್ಚಿಯ ಮೇಲೆ ದೀಪದ ಪೆಟ್ಟಿಗೆ ಇತ್ತು. ಅದನ್ನು ಇಳಿಸಿ ನನ್ನನ್ನು ಕೂರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎರಡು ಗಂಟೆ ನಿಂತೇ ಇದ್ದೆ.

ಧ್ವನಿ ಹಿಡಿಯುವವನು ಪಾವಗಡದವನು, ನಲವತ್ತು ದಾಟಿದವನು, ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ ಕೊಡುವವನು. ನನ್ನನ್ನು ಕಂಡೊಡನೆ, ತನ್ನ ತೆಲುಗಿನಲ್ಲಿ ಹಿರಿಯರನ್ನು ಕರೆಯುವಂತೆ, "ಬನ್ನಿ ಪೆದ್ದಾಯನಾ, ಜೈಲಲ್ಲಿ ಊಟ ಬೇರೆ ಇಲ್ಲ, ಇಲ್ಲೇ ಚಿತ್ರಾನ್ನ ತಿಂದು ಒಳಗೋಗಿ" ಎಂದು ಹಾಸ್ಯ ಮಾಡಿದ. ನಾನು ನಗಲಿಲ್ಲ.

ಗೋದಾಮಿನ ಒಳಗೊಂದು ತಗಡಿನ ಕೋಣೆ ಕಟ್ಟಿದ್ದರು. ಆರಡಿ ಉದ್ದ, ಐದಡಿ ಅಗಲ. ಒಳಗೆಲ್ಲ ಬಿಳಿಯ ಬಣ್ಣ, ಮೇಲೆ ಉರಿಯುವ ದೀಪ, ಒಂದು ಗೋಡೆಯಲ್ಲಿ ಕ್ಯಾಮೆರಾದ ಕಣ್ಣು ಹಿಡಿಯುವಷ್ಟು ತೂತು. ಕಿಟಕಿಯಿಲ್ಲ. ಬಾಗಿಲಿಗೆ ಆಟದ ಸಾಮಾನಿನಂಥ ಚಿಲಕವೊಂದನ್ನು ಸಿಕ್ಕಿಸಿದ್ದರು. ಆ ಚಿಲಕ ಕಂಡು ನನಗೆ ಸಹಿಸಲಾಗಲಿಲ್ಲ. ಮೂವತ್ತೊಂದು ವರ್ಷ ಬೀಗ ಹಾಕಿದವನ ಎದುರು ಸುಳ್ಳು ಬೀಗವೇ? ಇಂಥದ್ದೇನಾದರೂ ಆದೀತೆಂದು ಮನೆಯ ಹಿತ್ತಾಳೆಯ ಬೀಗವನ್ನು ಖಾಕಿಯ ಜೊತೆಗೇ ತಂದಿದ್ದೆ. ನಾನೇ ಕೊಂಡಿ ಗಟ್ಟಿ ಮಾಡಿಸಿದೆ, ನಾನೇ ಬೀಗ ಕೊಟ್ಟೆ, ಕೀಲಿಯನ್ನು ನನ್ನ ಕೈಯಾರೆ ಪಾವಗಡದವನ ಕೈಗಿಟ್ಟು, "ಹಾಕಿ ಎರಡು ಸಲ ಜಗ್ಗಬೇಕು" ಎಂದು ಕಲಿಸಿದೆ. ಈ ಮೂರ್ಖತನ ನನ್ನದು. ಒಪ್ಪಿಕೊಳ್ಳುತ್ತೇನೆ.

ಮೊದಲ ಸಲ ಒಳಗೆ ಹೋಗಿ, ಅವರು ಬರೆದುಕೊಟ್ಟಿದ್ದ ಪಶ್ಚಾತ್ತಾಪದ ಮಾತುಗಳನ್ನು ಹೇಳಿದೆ. ಎರಡನೆಯ ಸಲವೂ ಹೇಳಿದೆ. ಅಳಿಯ ಬಾಗಿಲು ತೆರೆದು ತಲೆ ಕೆರೆದುಕೊಂಡ.

"ಮಾವ, ಸ್ವಾತಂತ್ರ್ಯ ದಿನಾಚರಣೆ ಭಾಷಣ ಇದ್ದಂಗೈತೆ. ಹೆದ್ರಿಕೆನೇ ಇಲ್ಲ."

"ಹೆದರಿಕೆ ಇರುವುದು ಕೈದಿಗೆ. ನನಗೇಕೆ ಇರಬೇಕು?"

"ಅದೇ ತೊಂದ್ರೆ ಕಣ್ ಮಾವ," ಅಂದ. ಪಾವಗಡದವನ ಕಡೆ ನೋಡಿ ಏನೋ ಸನ್ನೆ ಮಾಡಿದ. ಅದನ್ನು ನಾನು ಕಂಡೆ. "ಇನ್ನೊಂದ್ ಸಲ ಹೋಗಿ. ಐದೇ ನಿಮಿಷ. ಏನೂ ಹೇಳ್ಬೇಡಿ, ಸುಮ್ನೆ ಕೂತ್ಕೊಳ್ಳಿ."

ಹೋಗಿ ಕೂತೆ. ಬೀಗ ಬಿತ್ತು. ಎರಡು ಸಲ ಜಗ್ಗಿದ ಸದ್ದು ಕೇಳಿಸಿತು. ಬೇಸಿಗೆಯ ಮಧ್ಯಾಹ್ನ. ತಗಡು ಕಾಯುತ್ತಿತ್ತು, ತಲೆಯ ಮೇಲೆ ದೀಪ ಉರಿಯುತ್ತಿತ್ತು. ಐದು ನಿಮಿಷವಾದಂತೆನಿಸಿ ಬಾಗಿಲು ತಟ್ಟಿದೆ. ಉತ್ತರವಿಲ್ಲ. ಹೆಸರು ಹಿಡಿದು ಕರೆದೆ. ಗದರಿದೆ. ಎದೆಯೊಳಗೆ ಗಾಳಿ ಅರ್ಧಕ್ಕೇ ನಿಂತು ಹಿಂದಿರುಗತೊಡಗಿತು. ಕೈಗಳು ಮರಗಟ್ಟಿದವು. ಆಮೇಲೆ ನನ್ನ ಬಾಯಿಂದ ಹೊರಟ ಮಾತನ್ನು ನಾನು ಆಡಬೇಕೆಂದು ಆಡಿದ್ದಲ್ಲ: "ಅಣ್ಣಾ, ಉಸ್ರು ಕಟ್ತೈತೆ, ತೆಗಿಯಣ್ಣಾ." ನನ್ನ ತಂಗಿಯ ಮಗನನ್ನು, ನಾನು ಎತ್ತಿ ಆಡಿಸಿದವನನ್ನು, ಅಣ್ಣಾ ಎಂದು ಕರೆದೆ. ಎಷ್ಟು ಸಲ ಎಂಬುದು ನನಗೆ ಗೊತ್ತಿಲ್ಲ. ಆ ಮೇಲಿನದೂ ಗೊತ್ತಿಲ್ಲ.

ಬಾಗಿಲು ತೆರೆಸಿದ್ದು ಗೋದಾಮಿನ ಮಾಲೀಕರಾದ ಸಾಹೇಬರು. ನಮಾಜು ಮುಗಿಸಿ ಬಂದವರು ಬಿಸಿಲಿಗೆ ಧಗಧಗಿಸುವ ತಗಡಿನ ಕೋಣೆಯನ್ನೂ ಬೀಗವನ್ನೂ ನೋಡಿ, "ಯಜಮಾನ್ರು ಎಲ್ಲಿ?" ಎಂದು ಕೇಳಿದರಂತೆ. ನನಗೆ ಎಚ್ಚರವಾದಾಗ ಅವರು ನನ್ನ ಮುಖಕ್ಕೆ ನೀರು ಚಿಮುಕಿಸುತ್ತ ಇವರಿಬ್ಬರಿಗೂ ಬೈಯುತ್ತಿದ್ದರು. "ಕ್ಯಾ ರೇ, ನಿಮ್ಗೆ ದಿಮಾಕ್ ಐತಾ? ಕಡಲೆಕಾಯಿ ಮೂಟೇನೂ ನಾನು ಇಂಗೆ ಗಾಳಿ ಇಲ್ದೆ ಇಡಲ್ಲ ಕಣ್ರೋ, ಮುಗ್ಗಲು ಹಿಡೀತದೆ. ಇದು ಮನುಷ್ಯಾ!" ಆ ದಿನ ನನಗೆ ಮರ್ಯಾದೆ ಕೊಟ್ಟವರು ಅವರೊಬ್ಬರೇ.

ಅಳಿಯ ನನ್ನ ಕಾಲು ಮುಟ್ಟಿದ. ಆದರೆ ಅವನ ಮುಖದಲ್ಲಿದ್ದದ್ದು ಸಂತೋಷ. "ಮಾವ, ಸಿಕ್ಬುಡ್ತು. ಎಂಥಾ ಶಾಟ್ ಮಾವ! ಆ ಕೈದಿ ಮಾತೇ ಹೇಳ್ಬುಟ್ರಿ ನೀವು!"

"ಅದನ್ನು ತೆಗೆದುಹಾಕು," ಎಂದೆ. "ಹಾಕಲ್ಲ ಬುಡಿ ಮಾವ," ಎಂದ. ಪಾವಗಡದವನು ಸಾಕ್ಷಿ, ಸಾಹೇಬರೂ ಸಾಕ್ಷಿ.

ಮಧುಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ಬೆಳಿಗ್ಗೆ ಚಿತ್ರ ತೋರಿಸಿದರು. ಮೊದಲ ಸಾಲಿನಲ್ಲಿ ನನ್ನನ್ನು ಕೂರಿಸಿದರು. ಆ ದಿನ ಕುರ್ಚಿಗೆ ಕೊರತೆಯಿರಲಿಲ್ಲ. ಪರದೆಯ ಮೇಲೆ ನಾನು ಗುಂಡಿಯಿಲ್ಲದ ಅಂಗಿಯಲ್ಲಿ, ಎಂಜಲು ಸುರಿಸುತ್ತ, ತಗಡನ್ನು ಉಗುರಿನಿಂದ ಕೆರೆಯುತ್ತ, ಅಣ್ಣಾ ಅಣ್ಣಾ ಎನ್ನುತ್ತಿದ್ದೆ. ಆಗ ಹಸಿರು ದೀಪ ಹೊತ್ತಿತು. ಯಂತ್ರದ ದನಿ, ಅದು ನನ್ನ ಅಳಿಯನದೇ ದನಿ, ಘೋಷಿಸಿತು: "ಪಶ್ಚಾತ್ತಾಪ ದೃಢಪಟ್ಟಿದೆ." ಬಾಗಿಲು ತೆರೆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಜೊತೆ ಕೆಲಸ ಮಾಡಿದ ಒಬ್ಬ ವಾರ್ಡರ್ ಹಿಂದಿನ ಸಾಲಿನಿಂದ ಬಗ್ಗಿ, "ಏನ್ ಹೆಡ್ ವಾರ್ಡ್ರೇ, ಒಳಕ್ಕೋದ್ರೆ ನೀವೂ ಅಣ್ಣಾ ಅಂತೀರಲ್ಲ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿ ನಕ್ಕ. ಈಗ ಪೇಟೆಯಲ್ಲಿ ಎದುರಾದಾಗಲೆಲ್ಲ ಅವನು ನನಗೆ ನಮಸ್ಕಾರದ ಬದಲು ಅದನ್ನೇ ಹೇಳುತ್ತಾನೆ.

ತಂಗಿ ಮನೆಗೆ ಬಂದು ಅತ್ತಳು. "ಅಣ್ಣಾ, ಹುಡ್ಗ ಮುಂದಕ್ಕೆ ಬತ್ತಾವ್ನೆ. ಇದೊಂದು ನುಂಗ್ಕೊಂಬುಡು." ಮಗ ನನಗೆ ಮಾಡಿದ್ದಕ್ಕಾಗಿ ಅವಳು ಅಳಲಿಲ್ಲ ಎಂಬುದನ್ನೂ ನಾನು ಗಮನಿಸಿದ್ದೇನೆ.

ನುಂಗಲಿಲ್ಲ. ಕೊರಟಗೆರೆಗೆ ಹೋಗಿ ಅಳಿಯನ ಎದುರು ಕುಳಿತೆ. ಆ ದೃಶ್ಯ ಚಿತ್ರದಿಂದ ಹೋಗಬೇಕು, ಮುಂದೆ ಎಲ್ಲಿಯೂ ತೋರಿಸಕೂಡದು ಎಂದೆ. ಅವನ ಉತ್ತರ ಸಿದ್ಧವಾಗಿತ್ತು: "ನೀವು ಆಕ್ಟ್ ಮಾಡ್ತಾ ಇದೀರ ಅಂದ್ಕೊಂಡ್ವಿ ಮಾವ. ನೀವೇ ಹೇಳಿದ್ ಕಥೆ, ನೀವೇ ಹೇಳಿದ್ ಮಾತು, ನಿಮ್ದೇ ಬೀಗ. ಅದು ತೆಗುದ್ರೆ ನನ್ ಸಿನಿಮಾನೇ ಇಲ್ಲ." ಕತ್ತರಿಸದ ಪೂರ್ತಿ ಚಿತ್ರಣ ತೋರಿಸು ಎಂದೆ. ತೋರಿಸಿದ. ತನ್ನ ನಿರಪರಾಧಿತ್ವಕ್ಕೆ ಅದೇ ಪುರಾವೆ ಎಂದು ಅವನು ನಂಬಿದ್ದ.

ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಮಯ ಓಡುತ್ತಿತ್ತು. ನಾನು ಕಾಗದದ ಮೇಲೆ ಗುರುತು ಹಾಕಿಕೊಂಡೆ. ಆರನೆಯ ನಿಮಿಷಕ್ಕೆ ಬಾಗಿಲು ತಟ್ಟಿದ್ದೇನೆ. ಹನ್ನೊಂದಕ್ಕೆ ಅಣ್ಣಾ ಎನ್ನಲು ತೊಡಗಿದ್ದೇನೆ. ಇಪ್ಪತ್ತೆರಡನೆಯ ನಿಮಿಷಕ್ಕೆ ಗೋಡೆಗೆ ಒರಗಿ ಕುಸಿದಿದ್ದೇನೆ, ಸದ್ದು ನಿಂತಿದೆ. ಆಗ ಕ್ಯಾಮೆರಾದ ಹಿಂದಿನ ಪಿಸುಮಾತು ಕೇಳಿಸುತ್ತದೆ.

ಪಾವಗಡದವನು: "ಸಾರ್, ಪೆದ್ದಾಯನ ಸದ್ದೇ ಇಲ್ಲ."

ನನ್ನ ಅಳಿಯ: "ಶ್... ಇನ್ನಾ ಎಂಟ್ ನಿಮಿಷ ಐತೆ. ಅರ್ಧ ಗಂಟೆ ಅಂತ ಅವ್ರೇ ಹೇಳವ್ರೆ. ಬರೀ ಮೌನಾನೂ ತಗೋ, ಬೇಕಾಯ್ತದೆ."

ಸಾಹೇಬರು ಬಾಗಿಲು ತೆರೆಸಿದ್ದು ಮೂವತ್ತೊಂದನೆಯ ನಿಮಿಷಕ್ಕೆ.

ಆ ಪಂಪ್‌ಸೆಟ್ಟಿನ ಮನುಷ್ಯನಿಗೆ ನಾನೂ ಅರ್ಧ ಗಂಟೆ ಬಾಗಿಲು ತೆರೆಯಲಿಲ್ಲ. ಅವನ ಕೂಗು ಎಷ್ಟನೆಯ ನಿಮಿಷಕ್ಕೆ ನಿಂತಿತೆಂದು ನಾನು ಗಮನಿಸಿರಲಿಲ್ಲ. ತಗಡಿನ ಕೋಣೆಯಿಂದ ಬಂದ ಮೇಲೆ ದಿನಕ್ಕೊಮ್ಮೆಯಾದರೂ ಅದನ್ನು ನೆನಪಿಸಿಕೊಳ್ಳಲು ಹೆಣಗುತ್ತೇನೆ. ಅವನು ಬದುಕಿದ್ದಾನೋ ಇಲ್ಲವೋ ತಿಳಿಯದು, ನಾನು ಅವನಲ್ಲಿ ಕ್ಷಮೆ ಕೇಳಿದವನಲ್ಲ. ಅದು ನನ್ನ ತಪ್ಪು. ಅಳಿಯನೇ, ಪಾವಗಡದವನೇ, ಅದರ ಮರೆಯಲ್ಲಿ ನೀವಿಬ್ಬರು ನಿಲ್ಲಬೇಡಿ. ನಾನು ಅರ್ಧ ಗಂಟೆ ಕಾದದ್ದು ಮೂರ್ಖ ನಿಯಮವೊಂದನ್ನು ನಂಬಿ. ನಿಮಗೆ ನಂಬಲು ಯಾವ ನಿಯಮವೂ ಇರಲಿಲ್ಲ, ನಿಮ್ಮ ಮುಂದೆ ಇದ್ದದ್ದು ನಾನು. ನನ್ನ ಹಿತ್ತಾಳೆಯ ಬೀಗವನ್ನೂ ಅದರ ಕೀಲಿಯನ್ನೂ ನೀವು ಇನ್ನೂ ಹಿಂದಿರುಗಿಸಿಲ್ಲ, ಇಟ್ಟುಕೊಳ್ಳಿ. ಅದರ ಬದಲು ಒಂದಕ್ಕೆ ಉತ್ತರ ಕೊಡಿ. ಕೀಲಿ ಕೈಯಲ್ಲಿಟ್ಟುಕೊಂಡು, ಒಳಗಿನಿಂದ ಸದ್ದೇ ಇಲ್ಲದ ಆ ಒಂಬತ್ತು ನಿಮಿಷ ನೀವು ಕಾದದ್ದು ನನ್ನ ಕೂಗು ಮರಳಿ ಬರಲಿ ಎಂದೋ, ಬಾರದಿರಲಿ ಎಂದೋ?