ಒಣಗಲ್ಲಿಗೆ ಹಿಡಿದ ಕತ್ತರಿ

ಈರಣ್ಣನ ಕತ್ತರಿಯನ್ನು ಕೆಡಿಸಿದವಳು ನಾನು, ನಿಮ್ಮ ಸಾಕಜ್ಜಿಯಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಎಲ್ಲರೂ ಅವಳೇ ಎಂದು ನಂಬಿದ್ದೀರಿ. ಹಾಗೆ ನಂಬಲು ಬಿಟ್ಟವಳೂ ನಾನೇ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹುಟ್ಟುವ ಮುಂಚಿನ ಮಾತು, ತೊಂಬತ್ತೇಳೋ ತೊಂಬತ್ತೆಂಟೋ. ಚಳ್ಳಕೆರೆಯ ಇದೇ ಮನೆಯ ಪಡಸಾಲೆಯಲ್ಲಿ ನಿಮ್ಮ ತಾತ ನೀರಿನ ಸಾಣೆ ಇಟ್ಟಿದ್ದರು. ಎಣ್ಣೆ ಗಿರಣಿಯೊಂದರ ಹಳೇ ಮೋಟರು, ಅದಕ್ಕೊಂದು ಬೆಲ್ಟು, ರೊಟ್ಟಿ ಹಂಚಿನಷ್ಟು ಅಗಲದ ಸಾಣೆಕಲ್ಲು. ಕಲ್ಲಿನ ಕೆಳಗೆ ತಗಡಿನ ತೊಟ್ಟಿ. ತೊಟ್ಟಿ ತುಂಬಿಸಿದರೆ ಕಲ್ಲು ನೀರು ಹೊತ್ತುಕೊಂಡೇ ತಿರುಗುತ್ತಿತ್ತು. ಟೈಲರುಗಳ ಕತ್ತರಿ, ಕುಡುಗೋಲು, ಈಳಿಗೆಮಣೆಯ ಅಲಗು, ಕುರಿ ಉಣ್ಣೆ ತೆಗೆಯುವವರ ದೊಡ್ಡ ಕತ್ತರಿ — ಎಲ್ಲ ಬರುತ್ತಿದ್ದವು. ತಾತ ಹೇಳುತ್ತಿದ್ದುದು ಒಂದೇ ಮಾತು: "ಅಲಗು ಬೆರಳಿಗೆ ಬಿಸಿ ಹತ್ತಿತು ಅಂದ್ರೆ ಕೆಟ್ಟಿತು ಅಂತ ತಿಳ್ಕ. ನೀಲಿ ತಿರುಗಿದ ಅಂಚು ಮತ್ತೆ ಹರಿತ ಹಿಡಿಯಲ್ಲ." ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲಿಬಿಡಬೇಕು. ಇಲ್ಲದಿದ್ದರೆ ಕಲ್ಲು ಒಂದೇ ಕಡೆ ನೀರು ಕುಡಿದು ಮೆತ್ತಗಾಗುತ್ತದೆ.

ಸಾಕಮ್ಮ ತಾತನ ತಂಗಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದಿದ್ದಳು. ತಾತ ಗಿರಣಿ ರಿಪೇರಿಗೆಂದು ಊರೂರು ಹೋದಾಗ ಅವಳೇ ಮಸೆಯತೊಡಗಿದಳು. ಒಂದು ವರ್ಷದಲ್ಲಿ ಜನ ಅವಳನ್ನೇ ಕೇಳಿಕೊಂಡು ಬರುವಂತಾಯಿತು. "ಸಾಕಕ್ಕ ಅದಾಳಾ? ಇಲ್ಲಾಂದ್ರೆ ನಾಳೆ ಬರ್ತೀನಿ" — ಈ ಮಾತು ಅಡುಗೆಮನೆಯವರೆಗೂ ಕೇಳುತ್ತಿತ್ತು. ಮನೆ ನನ್ನದು, ಹೆಸರು ಅವಳದು. ಹೊಟ್ಟೆಕಿಚ್ಚು ಎಂದು ಬರೆಯಲು ಈಗಲೂ ಕೈ ತಡೆಯುತ್ತದೆ. ಬರೆದಿದ್ದೇನೆ.

ಪರಶುರಾಂಪುರದ ಕಡೆಯ ಈರಣ್ಣ ಉಣ್ಣೆ ಕತ್ತರಿಸುವವನು. ಅವನು ಒಂದು ಮಧ್ಯಾಹ್ನ ಬಂದಾಗ ತಾತ ಊರಲ್ಲಿರಲಿಲ್ಲ, ಸಾಕಮ್ಮ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದೆಂದು ನೆಲದ ಮೇಲಿಟ್ಟು ಹೇಳಿದ, "ನಮ್ಮಪ್ಪನ ಕಾಲದ್ದವ್ವಾ, ಜ್ವಾಪಾನ. ಸಂಜೆ ಬಸ್ಸಿಗೆ ಹೋಗ್ಬೇಕು. ನಾಳೆ ಒಂದು ಹಿಂಡು ಕುರಿ ಐತೆ."

ಸಾಕಮ್ಮ ಬರುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಕರೆಂಟು ಬಂದಿತು, ಮೋಟರು ಹಚ್ಚಿದೆ. ತೊಟ್ಟಿ ಖಾಲಿ ಇತ್ತು. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿದ್ದ ಕಾಲ. ಮನೆಯಲ್ಲಿ ಎರಡೇ ಕೊಡ ನೀರಿತ್ತು. ಒಂದು ಕತ್ತರಿಗೆ ಅಷ್ಟು ನೀರು ಯಾಕೆ ಎಂದು ಒಣಗಲ್ಲಿಗೇ ಹಿಡಿದೆ. ಕಿಡಿ ಹಾರಿದವು. ಸಾಕಮ್ಮ ಮಸೆಯುವಾಗ ಹೀಗೆ ಹಾರುತ್ತಿರಲಿಲ್ಲ. ನನ್ನ ಕೈಯೇ ಮೇಲು ಎಂದುಕೊಂಡೆ — ಹಾಗೆ ಅಂದುಕೊಂಡದ್ದು ನಿಜ. ನಿಲ್ಲಿಸಿ ನೋಡಿದರೆ ಅಂಚಿನುದ್ದಕ್ಕೂ ನೀಲಿ.

ಆಮೇಲೆ ನಾನು ಮಾಡಿದ್ದು, ಹಬ್ಬಕ್ಕೆ ಹಿತ್ತಾಳೆ ಸಾಮಾನು ಬೆಳಗುವ ಹೆಂಗಸಿಗೆ ಮಾತ್ರ ಹೊಳೆಯುವಂಥದ್ದು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ನೀಲಿ ಹೋಯಿತು, ಅಲಗು ಹೊಸದರಂತೆ ಹೊಳೆಯಿತು. ಬಣ್ಣ ಹೋದರೆ ದೋಷವೂ ಹೋಯಿತೆಂದು ನಂಬಿದೆನೋ — ಇಲ್ಲ, ನಂಬಿರಲಿಲ್ಲ.

ಸಾಕಮ್ಮ ಬರುವ ಮುಂಚೆಯೇ ಈರಣ್ಣ ಬಂದ. ಕತ್ತರಿ ಎತ್ತಿ ತಿರುಗಿಸಿ ನೋಡಿದ.

"ಸಾಕಕ್ಕನೇ ಮಸ್ದಿದ್ದು ಅಲ್ವಾ?"

"ಹೂಂ," ಎಂದೆ.

ಮೂರನೇ ದಿನ ತಿರುಗಿ ಬಂದ. ತಾತ ಮನೆಯಲ್ಲಿದ್ದರು. ಯಾವತ್ತೂ ನೆಲದ ಮೇಲೆ ಮೆಲ್ಲಗೆ ಇಡುತ್ತಿದ್ದವನು ಅವತ್ತು ಕತ್ತರಿ ಎಸೆದ. "ಎರಡು ಕುರಿ ಆಗಿಲ್ಲ, ಮೊಂಡಾತು. ಕತ್ತರಿಸಂಗಿಲ್ಲ, ಬರೀ ಕೀಳ್ತೈತೆ. ಮೂರನೇದರ ಚರ್ಮ ಹರೀತು, ಕುರಿ ಯಜಮಾನ ನನ್ನ ಹೊರಗೆ ಹಾಕ್ದ. ಸಾಕಕ್ಕನ ಕೈ ನೆಚ್ಚಿ ಕೊಟ್ಟಿದ್ದೆ ಕಣಣ್ಣಾ."

ಸಾಕಮ್ಮ ಕತ್ತರಿಯನ್ನು ಬೆಳಕಿಗೆ ಹಿಡಿದಳು. "ಇದನ್ನ ನಾನು ಮಸ್ದಿಲ್ಲಣ್ಣ."

"ಮತ್ಯಾರು, ನಿಮ್ಮತ್ತಿಗೆನಾ?" ತಾತ ಅಂದರು. "ಅವಳಿಗೆ ಬೀಸೋ ಕಲ್ಲೇ ನೆಟ್ಟಗೆ ತಿರುಗಿಸಾಕೆ ಬರಲ್ಲ!"

ಅಷ್ಟು ಸಿಟ್ಟಿನಲ್ಲಿದ್ದ ಈರಣ್ಣನೂ ನಕ್ಕುಬಿಟ್ಟ. ನಾನೂ ನಕ್ಕೆ.

'ಹೂಂ' ಎಂದದ್ದು ಹೆದರಿಕೆಗೆ ಅನ್ನಬಹುದು. ನಕ್ಕದ್ದಕ್ಕೆ — ಅದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ತಾತ ತಂಗಿಗೆ ಹೇಳಿದರು, "ತಪ್ಪು ಮಾಡ್ದೆ, ಹೋಗ್ಲಿ. ಸುಳ್ಳು ಬೇರೆ ಹೇಳ್ತೀಯಾ? ಇನ್ಮೇಲೆ ಈ ಕಲ್ಲನ್ನ ಮುಟ್ಟಬ್ಯಾಡ."

ಅವತ್ತು ಸಂಜೆ ಹಿತ್ತಲಿನಲ್ಲಿ ಅವಳು ಒಂದೇ ಸಲ ಕೇಳಿದಳು. "ಅತ್ತಿಗೆ, ತೊಟ್ಟಿಗೆ ನೀರು ಹಾಕಿರ್ಲಿಲ್ಲ ಅಲ್ವಾ?" ಒಲೆಯ ಮೇಲೆ ಅನ್ನ ಇದೆ ಎಂದು ಒಳಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಎರಡು ತಿಂಗಳಾದ ಮೇಲೆ ಮೊಳಕಾಲ್ಮೂರಿಗೆ ಹೋದಳು. ಸೀರೆ ನೇಯುವವರ ಮನೆಯಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸ, ಒಂದು ಬಾಡಿಗೆ ಕೋಣೆ. ನಮ್ಮ ಮನೆಯಲ್ಲಿ ಅವಳಿಗಿದ್ದ ಜಾಗವೆಂದರೆ ಆ ಕಲ್ಲಿನ ಮುಂದಿನ ಮಣೆ. ಅದು ಹೋದ ಮೇಲೆ ಅಣ್ಣನ ಅನ್ನಕ್ಕೆ ಕೂತವಳು ಎಂದಾಗುತ್ತಿತ್ತು. ಅದನ್ನು ಅವಳು ಒಪ್ಪಲಿಲ್ಲ.

ತಾತನಿಗೆ ಹೇಳಬಹುದಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಪಕ್ಕದಲ್ಲೇ ಕೂತಿದ್ದೆ. ಹೇಳಲಿಲ್ಲ. ತಂಗಿ ಸುಳ್ಳಿ ಎಂದುಕೊಂಡೇ ಅವರು ಹೋದರು.

ಈ ಮನೆಯಲ್ಲಿ ಚಾಕು ಮೊಂಡಾದರೆ "ಸಾಕಜ್ಜಿ ಮಸೆದಂಗೈತೆ" ಅನ್ನುತ್ತೀರಿ. ತಾತ ಶುರುಮಾಡಿದ ತಮಾಷೆ, ನಿಮ್ಮ ಅಪ್ಪನಿಗೆ ಬಂತು, ನಿಮಗೂ ಬಂತು. ಹೋದ ತಿಂಗಳು ತೊಟ್ಟಿಲ ಶಾಸ್ತ್ರಕ್ಕೆ ಅವಳು ಬಂದಿದ್ದಾಗ, ಟೊಮೆಟೊ ಹೆಚ್ಚುತ್ತ ನಿಮ್ಮಲ್ಲೊಬ್ಬರು ಅವಳ ಎದುರಿಗೇ ಅಂದಿರಿ. ಯಾರೆಂದು ಬರೆಯುವುದಿಲ್ಲ, ನಿಮ್ಮ ತಪ್ಪಲ್ಲ. ಅವಳು ತಲೆ ಎತ್ತದೆ ಈರುಳ್ಳಿ ಸುಲಿದಳು. ಆಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ನಾನು ಈಗಲಾದರೂ ಏನಾದರೂ ಅನ್ನುತ್ತೇನೋ ಎಂದು ನೋಡಿದ ಹಾಗಿತ್ತು. ನಾನು ಅನ್ನಲಿಲ್ಲ.

ಸೋಮವಾರ ಮೊಳಕಾಲ್ಮೂರಿಗೆ ಹೋಗುತ್ತೇನೆ. ಅವಳು ಕೆಲಸ ಮಾಡುವ ಮನೆಯವರೂ ಇರಲಿ, ಅವರ ಎದುರೇ ಹೇಳುತ್ತೇನೆ. ಅವಳು ಬೈದರೆ ಬೈಸಿಕೊಳ್ಳುತ್ತೇನೆ. ಏನೂ ಅನ್ನದೆ ಸುಮ್ಮನಿದ್ದರೆ — ಅದನ್ನೂ.

ಹಿಂದೆಯೂ ಎರಡು ಸಲ ಹೀಗೇ ಹೊರಟು, ಅವಳು ಕೊಟ್ಟ ಟೀ ಕುಡಿದು, ಸೀರೆ ಬಣ್ಣದ ಮಾತಾಡಿ ಹಿಂದಿರುಗಿದ್ದೇನೆ. ಅದಕ್ಕೇ ಈ ಹಾಳೆಗಳನ್ನು ಇವತ್ತೇ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಓದಿ. ಸೋಮವಾರ ಸಂಜೆ ನಾನು ಬಂದ ಕೂಡಲೇ ಕೇಳಿ, ಹೇಳಿದೆಯಾ ಎಂದು. ನಾನು ಅಡುಗೆಮನೆಗೆ ಹೋದರೆ ಅಲ್ಲಿಗೂ ಬಂದು ಕೇಳಿ.