ಅಲ್ ಮಬೇಲಾದಲ್ಲಿ ಸುಮ್ಮನೆ ನಡೆದರೆ

ಗೆಳೆಯರೇ, ಕಾರು ಮನೆಯಲ್ಲಿ ಬಿಟ್ಟು ಗಲ್ಫಿನ ನಮ್ಮ ಈ ಅಲ್ ಮಬೇಲಾದಲ್ಲಿ ನಡೆದು ನೋಡಿ, ಗೊತ್ತಾಗುತ್ತದೆ.

ಕಳೆದ ವಾರ ಮೊದಲ ಬಾರಿ ಕೋಪನ್‌ಹೇಗನ್ ನೋಡಿ ಬಂದೆ. ಊರಿಡೀ ಸೈಕಲ್, ನನ್ನದು ಮಾತ್ರ ಕಾಲ್ನಡಿಗೆ. ಹಿಂದಿನಿಂದ ಬೆಲ್ ಕೇಳಿದಾಗಲೆಲ್ಲ ಪುತ್ತೂರಿನಲ್ಲಿ ಶಾಲೆಗೆ ನಡೆಯುತ್ತಿದ್ದ ದಿನಗಳು ನೆನಪಾಗುತ್ತಿದ್ದವು. ಆ ಖುಷಿ ಇಲ್ಲೂ ಉಳಿಯಲಿ ಎಂದು ಇಂದು ಸಂಜೆ ನಡೆದೇ ಹೊರಟೆ.

ನಮ್ಮ ರಸ್ತೆಯ ಅಂಗಡಿಯ ಹಮೀದಣ್ಣ, ಬಂಟ್ವಾಳದವರು, ಪಿಕಪ್ ನಿಲ್ಲಿಸಿದರು.

"ಗಾಡಿ ಹಾಳಾಯ್ತಾ ಅಕ್ಕಾ?"

"ಇಲ್ಲ, ಸುಮ್ಮನೆ ನಡೀತಾ ಇದ್ದೇನೆ."

"ಭಾವನೊಟ್ಟಿಗೆ ಜಗಳವಾ?"

"ಎಂಥದ್ದೂ ಇಲ್ಲ ಮಾರಾಯ್ರೆ. ನೀವು ಹೋಗಿ."

ಹೋಗಲಿಲ್ಲ. ದೀಪ ಮಿನುಗಿಸುತ್ತ ನನ್ನ ಹಿಂದೆಯೇ ನಿಧಾನವಾಗಿ ಬಂದರು. "ಊರಿನವರನ್ನು ದಾರಿಯಲ್ಲಿ ಬಿಟ್ಟು ಹೋಗ್ಲಿಕ್ಕೆ ಆಗ್ತದಾ?"

ಅಷ್ಟರಲ್ಲಿ ದೂರದ ಸೊಹಾರ್ ಪಟ್ಟಣದಲ್ಲಿ ಕೆಲಸದಲ್ಲಿರುವ ಗಂಡನ ಫೋನ್. "ನೀನು ಮನೆ ಬಿಟ್ಟು ಹೊರಟಿದ್ದೀಯಂತೆ, ಹೌದಾ? ಹಮೀದಣ್ಣ ಹೇಳಿದ್ರು."

ಕೋಪನ್‌ಹೇಗನ್‌ನಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಪುತ್ತೂರಿನ ದಾರಿಯಲ್ಲಾದರೆ ಪ್ರತಿ ಗೇಟಿನಿಂದಲೂ "ಇವತ್ತು ಒಬ್ಬಳೇ ಯಾಕೆ?" ಎಂದು ಕೇಳುತ್ತಿದ್ದರು. ಆಗ ಕಿರಿಕಿರಿಯಾಗುತ್ತಿತ್ತು. ಕೋಪನ್‌ಹೇಗನ್‌ನಲ್ಲಿ ನಾನು ನೆನೆದದ್ದು ಬರೀ ನಡಿಗೆಯನ್ನೋ ಅಥವಾ ಹಾಗೆ ಕೇಳುವವರನ್ನೂ ಸೇರಿಸಿಯೋ, ಈಗ ಖಚಿತವಿಲ್ಲ.

ಪಿಕಪ್ ಹತ್ತಿದೆ. ಹಮೀದಣ್ಣ ತಕ್ಷಣ ನನ್ನ ಗಂಡನಿಗೆ ಫೋನ್ ಮಾಡಿದರು: "ಖಲಾಸ್ ಭಾವ, ಅಕ್ಕ ಸಿಕ್ಕಿದ್ರು."

ಕಳೆದುಹೋಗಿದ್ದೆ ಎಂದು ನನಗೂ ಆಗಲೇ ತಿಳಿದದ್ದು.