ನಾಣ್ಯದ ಹಸುವಿನ ಗೃಹಪ್ರವೇಶ

ಲಾಕ್‌ಡೌನ್ ಸಮಯದಲ್ಲಿ ಕಡಲಾಚೆಯ ಲೆಟರ್‌ಕೆನ್ನಿ ಎಂಬ ಊರಿನಲ್ಲಿ ನಾವು ಕೊಂಡ ಮನೆಯ ಕೀಲಿ ಕೈಗೆ ಬಂದು ವಾರವಾದರೂ ಒಳಗೆ ಕಾಲಿಡಲು ಅತ್ತೆಯ ಅಪ್ಪಣೆ ಸಿಕ್ಕಿರಲಿಲ್ಲ. ಗೃಹಪ್ರವೇಶಕ್ಕೆ ಹಸು ಬರಲೇಬೇಕೆಂದು ಮಂಡ್ಯದಿಂದ ವಿಡಿಯೋ ಕಾಲಿನಲ್ಲಿ ಪಟ್ಟು ಹಿಡಿದಿದ್ದರು. ಆಸ್ಪತ್ರೆಯಲ್ಲಿ ದಿನವಿಡೀ ಮಾಸ್ಕ್ ಹಾಕಿಕೊಂಡು ದುಡಿಯುತ್ತಿದ್ದ ನನ್ನ ಹೆಂಡತಿಗೆ ಸ್ವಂತ ಮನೆಯಲ್ಲಿ ಕಣ್ತುಂಬ ನಿದ್ದೆ ಮಾಡುವ ಆಸೆ. ಅಮ್ಮನ ಮಾತು ಮೀರುವ ಧೈರ್ಯವಿಲ್ಲ. ನಮ್ಮ ಈ ಡೊನೆಗಾಲ್ ಜಿಲ್ಲೆಯಲ್ಲಿ ಹಸುವಿಗೇನು ಬರವೇ? ಆದರೆ ಎರಡು ಮನೆಯವರು ಸೇರಬಾರದೆಂಬ ನಿಯಮ ಹಸುವಿಗೂ ಅನ್ವಯಿಸುತ್ತದೆಯೇ ಎಂದು ಯಾವ ಹೆಲ್ಪ್‌ಲೈನಿಗೆ ಫೋನ್ ಮಾಡಿ ಕೇಳುವುದು?

ಆಗ ನೆರವಿಗೆ ಬಂದದ್ದು ನನ್ನ ರೋಮನ್ ನಾಣ್ಯಗಳ ಹುಚ್ಚು. ನನ್ನ ಬಳಿ ರೋಮನ್ನರು ತಮ್ಮ ಸಾಮ್ರಾಜ್ಯದ ಪೂರ್ವ ದಿಕ್ಕಿನಲ್ಲಿ ಕಟ್ಟಿದ ಒಂದು ವಸಾಹತು ಪಟ್ಟಣದ ತಾಮ್ರದ ಕಾಸಿತ್ತು. ಅದರಲ್ಲಿ ಮುಸುಕು ಹೊದ್ದ ಪುರೋಹಿತ ಹೋರಿಯನ್ನೂ ಹಸುವನ್ನೂ ಒಂದೇ ನೊಗಕ್ಕೆ ಕಟ್ಟಿ ಉಳುತ್ತಿದ್ದಾನೆ. ಆ ನೇಗಿಲಗೆರೆಯೇ ಹೊಸ ಊರಿನ ಎಲ್ಲೆ. ನಿವೃತ್ತ ಸೈನಿಕರಿಗೆ ಜಮೀನು ಹಂಚಿ ಕಟ್ಟಿದ ಊರದು. ಸುತ್ತಲಿನ ಊರುಗಳ ನಾಣ್ಯಗಳಲ್ಲಿ ಗ್ರೀಕ್ ಅಕ್ಷರ, ಇದರಲ್ಲಿ ಮಾತ್ರ ಲ್ಯಾಟಿನ್. ನಾವು ನಿಮ್ಮಂಥವರಲ್ಲ ಎಂಬ ಜಂಬ ಬೇರೆ!

ಭಾನುವಾರ ಬೆಳಿಗ್ಗೆ ಹೊಸಿಲಿನ ಮುಂದೆ ನಿಂತು ನಾಣ್ಯಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಬೇರೆ ಸಂಗ್ರಹಕಾರರು ನೋಡಿದ್ದರೆ ಅಟ್ಟಾಡಿಸಿ ಹೊಡೆಯುತ್ತಿದ್ದರು. ಫೋನಿಗೆ ಹಿಡಿದು ಕೂಗಿದೆ: "ಅತ್ತೆ, ನೋಡಿ, ಹಸು! ಜತೆಗೆ ಹೋರಿ ಫ್ರೀ!"

ಹೆಂಡತಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ನಮ್ಮನ್ನೇ ನೋಡುತ್ತಿದ್ದ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಪಾಪ, ಹಸೂನ ನೊಗಕ್ಕೆ ಕಟ್ಟವ್ರಲ್ಲಪ್ಪ! ಅದಿರ್ಲಿ, ಉಳ್ತಾ ಇರೋ ಹೊಲ ಯಾರ್ದು?"

ವರ್ಷಗಟ್ಟಲೆ ಆ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದ್ದೆ. ಹೊಲದವರು ಎಲ್ಲಿ ಹೋದರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಮೊದಲಿದ್ದವರದು ಅತ್ತೆ. ಅವರನ್ನ ಯಾರೂ ಕೇಳಿರಲ್ಲ."

"ನೀವು ಕೇಳಿದ್ರಾ?"

ಹೆಂಡತಿ ನಗು ನಿಲ್ಲಿಸಿ ಮುದುಕನ ಕಡೆ ತಿರುಗಿದಳು. ಈ ಮನೆಗಳು ಏಳುವ ಮೊದಲು ಇಲ್ಲೇನಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತನ್ನಪ್ಪನ ಹೊಲ, ಹಸು ಮೇಯಿಸುತ್ತಿದ್ದದ್ದು ನೀವು ನಿಂತಿರುವ ಜಾಗದಲ್ಲೇ ಎಂದ. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಅಯ್ಯೋ, ಹಂಗಾದ್ರೆ ಹಸು ಯಾವಾಗ್ಲೋ ಬಂದೈತೆ!" ಅತ್ತೆ ಚಪ್ಪಾಳೆ ತಟ್ಟಿದರು. "ಆ ಯಜಮಾನ್ರನ್ನ ಒಂದ್ ಮಾತು ಕೇಳ್ಕೊಂಡು ಬಲಗಾಲಿಟ್ಟು ಒಳಗೋಗಿ."

ಖುಷಿಯಲ್ಲಿ ಹೆಂಡತಿ ಎರಡು ಸಲ ಕೇಳಿದಳು, ನಾವು ಒಳಗೆ ಹೋಗಬಹುದಾ ಎಂದು. ಮುದುಕ ಧಾರಾಳವಾಗಿ ಹೋಗಿ ಎಂಬಂತೆ "ಗ್ರ್ಯಾಂಡ್, ಗ್ರ್ಯಾಂಡ್" ಎಂದು ಟೋಪಿ ತೆಗೆದ. ಹೊಲ ಕೈಬಿಟ್ಟ ಮೇಲೆ ಇಲ್ಲಿಗೆ ಎಷ್ಟೋ ಸಂಸಾರಗಳು ಬಂದವು, ತನ್ನನ್ನು ಕೇಳಿದವರು ನೀವೇ ಮೊದಲು ಎಂದ.